ಕುಡ್ತೆಯ ತೂಕ

ವಿಭಾಗದ ನೆನಪಿನ ಸಂಪುಟಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಶಾಸನಗಳ ಕುರಿತು ಏನನ್ನಾದರೂ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೆ. ಬರೆಯಲು ಕುಳಿತಾಗ ಮನಸ್ಸು ಶಾಸನಗಳ ಬಳಿಗೆ ಹೋಗಲು ಒಪ್ಪದೆ, ನಮ್ಮ ಅಡುಗೆಮನೆಯ ಕಪಾಟಿನಲ್ಲಿರುವ ಹಿತ್ತಾಳೆಯ ಕುಡ್ತೆಯೊಂದರ ಸುತ್ತಲೇ ಸುಳಿಯತೊಡಗಿತು. ವಿದ್ವತ್ ಲೇಖನಗಳ ನಡುವೆ ತಲೆಗೆ ಹಚ್ಚುವ ಎಣ್ಣೆಯ ಪ್ರಸ್ತಾಪವೇ ಎಂದು ಓದುಗರು ಹುಬ್ಬೇರಿಸಬಾರದು. ಎಣ್ಣೆಯಿಂದ ಆರಂಭವಾದ ಈ ಮಾತು ನನ್ನ ಮಹಾಪ್ರಬಂಧದ ಒಂದು ಅಡಿಟಿಪ್ಪಣಿಯವರೆಗೂ ಹೋಗಿ ಮುಟ್ಟುತ್ತದೆ. ಅದನ್ನು ವಿದ್ಯಾರ್ಥಿಗಳ ಮುಂದೆ ಹೇಳಿಕೊಳ್ಳಬೇಕಾದ ಋಣವೊಂದು ನನ್ನ ಮೇಲಿದೆ.

ನನ್ನ ತಾಯಿ ಮದುವೆಯಾಗಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ತವರಿನಿಂದ ತಂದ ಸಾಮಾನುಗಳಲ್ಲಿ ಈ ಕುಡ್ತೆಯೂ ಒಂದು. ಕರಾವಳಿಯವರಿಗೆ ಕುಡ್ತೆಯನ್ನು ಪರಿಚಯಿಸಬೇಕಾಗಿಲ್ಲ. ಹಾಲು, ಎಣ್ಣೆಗಳನ್ನು ಅಳೆಯುವ ಪುಟ್ಟ ಪಾತ್ರೆಯದು. ಹಳಗನ್ನಡ ಓದಿದವರಿಗೆ ಕುಡಿತೆ ಎಂಬ ಮಾತು ನೆನಪಾಗಬಹುದು. ಬೊಗಸೆ ಮಾಡಿದ ಅಂಗೈಯೇ ಕುಡಿತೆ. ಅಂಗೈಯೇ ಮೊದಲ ಅಳತೆಯಾಗಿದ್ದ ಕಾಲದ ನೆನಪು ಆ ಮಾತಿನಲ್ಲಿ ಉಳಿದಿದೆ. ಪರೇಲಿನ ಚಾಳಿನ ಒಂದೇ ಕೋಣೆಯ ನಮ್ಮ ಸಂಸಾರದಲ್ಲಿ ಸಕ್ಕರೆ, ಅಕ್ಕಿಗಳೆಲ್ಲ ಕಿಲೋ ಲೆಕ್ಕದಲ್ಲಿ ಬರುತ್ತಿದ್ದರೂ ತಲೆಗೆ ಹಚ್ಚುವ ಎಣ್ಣೆ ಮಾತ್ರ ಕಡೆಯವರೆಗೂ ಕುಡ್ತೆಯ ಆಡಳಿತದಲ್ಲಿಯೇ ಇತ್ತು.

ಎಣ್ಣೆ ಕಾಯಿಸುವ ದಿನ ಚಾಳಿನ ಆ ಅಂತಸ್ತಿಗೆಲ್ಲ ತಿಳಿಯುತ್ತಿತ್ತು. ನಾಲ್ಕು ಕುಡ್ತೆ ತೆಂಗಿನೆಣ್ಣೆ, ಒಂದು ಕುಡ್ತೆ ಹರಳೆಣ್ಣೆ, ಅರೆದ ಗರಗದ ಸೊಪ್ಪು, ದಾಸವಾಳದ ಎಲೆ, ಒಂದು ಚಿಟಿಕೆ ಮೆಂತ್ಯ. ಸಣ್ಣ ಉರಿಯಲ್ಲಿ ಕುದಿಯುತ್ತಿದ್ದಂತೆ ಸೊಪ್ಪಿನ ನೀರಿನಂಶ ಚಟಪಟಗುಟ್ಟುತ್ತಿತ್ತು. ಆ ಸದ್ದು ನಿಂತ ಕ್ಷಣದಲ್ಲಿ ಅಮ್ಮ ಪಾತ್ರೆಯನ್ನು ಇಳಿಸುತ್ತಿದ್ದಳು. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಬುಧವಾರ, ಶನಿವಾರ ಎಂಬ ಊರಿನ ಕ್ರಮ ಸಾರ್ವಜನಿಕ ನಲ್ಲಿಯ ಮುಂದೆ ಸೋತು, ಎಲ್ಲರ ಎಣ್ಣೆಸ್ನಾನವೂ ಭಾನುವಾರಕ್ಕೆ ಬಂದು ನಿಂತಿತ್ತು. ಅಮ್ಮ ಇದನ್ನೆಲ್ಲ ತನ್ನ ಲೆಕ್ಕದ ಪುಸ್ತಕದ ಹಿಂಬದಿಯ ಪುಟಗಳಲ್ಲಿ ಬರೆದಿಟ್ಟಿದ್ದಳು. ಆಕೆ ತೀರಿಕೊಂಡ ಮೇಲೆ ಪುಸ್ತಕ ತಂಗಿಯ ಪಾಲಿಗೂ ಕುಡ್ತೆ ನನ್ನ ಪಾಲಿಗೂ ಬಂದವು. ಬರಹ ಒಂದೆಡೆ, ಅಳತೆ ಇನ್ನೊಂದೆಡೆ. ಮುಂದಿನ ತೊಂದರೆಗೆ ಅಲ್ಲಿಯೇ ಬೀಜ ಬಿದ್ದಿತ್ತೆಂದು ಈಗ ಅನಿಸುತ್ತದೆ.

2021ರಲ್ಲಿ ಡೊಂಬಿವಲಿಯಲ್ಲಿರುವ ನನ್ನ ತಂಗಿ ನೆರೆಹೊರೆಯ ನಾಲ್ಕೈದು ಹೆಂಗಸರೊಡನೆ ಕೂಡಿ ಮನೆಯಲ್ಲಿಯೇ ಎಣ್ಣೆ, ಸಾಬೂನುಗಳನ್ನು ಮಾಡುವ ಸಣ್ಣ ಉದ್ಯೋಗಕ್ಕೆ ಕೈಹಾಕಿದಳು. ಕೊರೊನಾದ ಹೊಡೆತಕ್ಕೆ ಮನೆಮನೆಯ ಆದಾಯ ಕುಸಿದಿದ್ದ ಕಾಲವದು. ಅಮ್ಮನ ಎಣ್ಣೆಯ ಮಿಶ್ರಣವನ್ನೇ ಸಾಬೂನಿಗೂ ಬಳಸಬೇಕೆಂಬುದು ಆಕೆಯ ಆಸೆ. ಸಾಬೂನಿಗೆ ಬೇಕಾದ ಕಾಸ್ಟಿಕ್ ಸೋಡಾವನ್ನು ಎಣ್ಣೆಯ ತೂಕದ ಮೇಲೆ ಲೆಕ್ಕ ಹಾಕಬೇಕು. ಕೋಷ್ಟಕಗಳೆಲ್ಲ ಗ್ರಾಮಿನಲ್ಲಿವೆ, ಅಮ್ಮನ ಪುಸ್ತಕ ಕುಡ್ತೆಯಲ್ಲಿದೆ. ಒಂದು ಸಂಜೆ ಆಕೆಯ ದೂರವಾಣಿ ಬಂತು.

"ಅಕ್ಕಾ, ಅಮ್ಮನ ಕುಡ್ತೆ ಅಂದ್ರೆ ಎಷ್ಟು ಗ್ರಾಮ್? ನೀನೇ ಹೇಳ್ಬೇಕು. ಅಳತೆ ಮೇಲೆ ಪಿಎಚ್.ಡಿ. ಮಾಡಿದವಳು ನೀನಲ್ವಾ?"

ಆ ಮಾತಿನಲ್ಲಿ ಒಂದಿಷ್ಟು ತಮಾಷೆಯೂ ಇತ್ತು, ಬೆಟ್ಟದಷ್ಟು ನಂಬಿಕೆಯೂ ಇತ್ತು. ನನ್ನ ಮಹಾಪ್ರಬಂಧದ ಒಂದು ಅಧ್ಯಾಯ ಶಾಸನಗಳಲ್ಲಿ ಬರುವ ಅಳತೆ ತೂಕಗಳನ್ನು ಕುರಿತದ್ದು. ಮಾನ, ಸೊಲ್ಲಗೆ, ಬಳ್ಳ, ಕೊಳಗ, ಖಂಡುಗಗಳ ಬಗೆಗೆ ಗಂಟೆಗಟ್ಟಲೆ ಪಾಠ ಹೇಳಿದವಳು ನಾನು. ಕುಡ್ತೆಯನ್ನು ಕಪಾಟಿನಿಂದ ತೆಗೆದು, ಕಂಠಮಟ್ಟ ನೀರು ತುಂಬಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಪಾತ್ರೆಯ ತೂಕ ಕಳೆದು 240 ಗ್ರಾಮ್ ಬಂತು. "240" ಎಂದು ಹೇಳಿಬಿಟ್ಟೆ. ಶಾಲೆಯಲ್ಲಿ ಎಲ್ಲರೂ ಕಲಿತದ್ದೇ ಅಲ್ಲವೆ, ಒಂದು ಲೀಟರ್ ಎಂದರೆ ಒಂದು ಕಿಲೋ! ಅದು ನೀರಿಗೆ ಸಲ್ಲುವ ಮಾತು ಎಂಬ ವಿವೇಕ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ಇಷ್ಟು ಅಕ್ಷರಶಃ ಇನ್ನಾರಿಗಾದರೂ ಅನ್ವಯಿಸಿದೆಯೋ ತಿಳಿಯದು.

ಆದ ತಪ್ಪನ್ನು ಅಂಕಿಗಳಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಲೆಕ್ಕದಂತೆ ನಾಲ್ಕು ಕುಡ್ತೆ ತೆಂಗಿನೆಣ್ಣೆ 960 ಗ್ರಾಮ್, ಒಂದು ಕುಡ್ತೆ ಹರಳೆಣ್ಣೆ 240 ಗ್ರಾಮ್. ಪೂರ್ತಿಯಾಗಿ ಸಾಬೂನಾಗಲು ಒಂದು ಗ್ರಾಮ್ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಮ್, ಹರಳೆಣ್ಣೆಗೆ ಸುಮಾರು 0.128 ಗ್ರಾಮ್ ಕಾಸ್ಟಿಕ್ ಬೇಕು. ಹೀಗೆ ಒಟ್ಟು 206 ಗ್ರಾಮ್ ಆಗುತ್ತದೆ. ಚರ್ಮಕ್ಕೆ ಹಿತವಾಗಲೆಂದು ಸ್ವಲ್ಪ ಎಣ್ಣೆ ಉಳಿಯುವಂತೆ ನೂರಕ್ಕೆ ಐದರಷ್ಟು ಕಾಸ್ಟಿಕ್ಕನ್ನು ಕಡಿಮೆ ಹಾಕುವುದು ವಾಡಿಕೆ. ತಂಗಿ ಅದನ್ನೂ ತಪ್ಪದೆ ಪಾಲಿಸಿ 196 ಗ್ರಾಮ್ ಹಾಕಿದಳು. ಆದರೆ ಪಾತ್ರೆಯಲ್ಲಿದ್ದ ತೆಂಗಿನೆಣ್ಣೆ ನಿಜಕ್ಕೂ 883 ಗ್ರಾಮ್, ಹರಳೆಣ್ಣೆ 230 ಗ್ರಾಮ್. ಅವೆರಡಕ್ಕೂ ಪೂರ್ತಿ ಬೇಕಾದ ಕಾಸ್ಟಿಕ್ಕೇ ಸುಮಾರು 191 ಗ್ರಾಮ್. ಉಳಿಯಬೇಕಾದದ್ದು ಎಣ್ಣೆ, ಉಳಿದದ್ದು ಐದು ಗ್ರಾಮ್ ಕಾಸ್ಟಿಕ್. ಕಟ್ಟಿದ ಸಾಬೂನು ನೋಡಲು ಚೆಲುವಾಗಿಯೇ ಇತ್ತು.

ಆ ಸಾಬೂನನ್ನು ಮೊದಲು ಬಳಸಿದವರು ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಮರಾಠಿ ಹೆಂಗಸು. ಬೆಳಿಗ್ಗೆ ಒಂದು ಪೋಳಿಭಾಜಿ ಕೇಂದ್ರದಲ್ಲಿ ಚಪಾತಿ ಲಟ್ಟಿಸುವುದು ಅವರ ಜೀವನೋಪಾಯ. ನಾಲ್ಕೈದು ದಿನಗಳಲ್ಲಿ ಅವರ ಬೆರಳ ಸಂದುಗಳು ಒಣಗಿ ಬಿರುಕುಬಿಟ್ಟವು. ಉಪ್ಪು ಹಾಕಿದ ಹಿಟ್ಟನ್ನು ನಾದಲಾಗದೆ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಹೋಗದ ದಿನಕ್ಕೆ ಕೂಲಿಯಿಲ್ಲ. ತಂಗಿಯ ಜೊತೆ ಅವರನ್ನು ನೋಡಲು ಹೋದಾಗ, ಉರಿ ಶುರುವಾದ ದಿನವೇ ಏಕೆ ಬಳಸುವುದನ್ನು ಬಿಡಲಿಲ್ಲವೆಂದು ಕೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದರ ಸಾರ ಇಷ್ಟು: ಲೆಕ್ಕ ಕೊಟ್ಟವರು ಪ್ರೊಫೆಸರ್ ಮ್ಯಾಡಮ್, ಅದು ತಪ್ಪಿರಲಿಕ್ಕಿಲ್ಲ, ತನ್ನ ಕೈಯಲ್ಲೇ ಏನೋ ದೋಷವಿರಬೇಕು ಎಂದುಕೊಂಡೆ.

ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಕೇಳಿದ ಅತ್ಯಂತ ಕಠಿಣವಾದ ವಿಮರ್ಶೆ ಅದು. ಅವರು ಅದನ್ನು ವಿಮರ್ಶೆಯೆಂದು ಹೇಳಿರಲೂ ಇಲ್ಲ.

ತಪ್ಪು ಎಲ್ಲಿದೆಯೆಂಬುದನ್ನು ಕಂಡುಹಿಡಿದವಳು ತಂಗಿ. ಅಡುಗೆ ಎಣ್ಣೆಯ ಪ್ಯಾಕೆಟ್ಟೊಂದನ್ನು ನನ್ನ ಮುಂದೆ ಹಿಡಿದು, "ಅಕ್ಕಾ, ಇದನ್ನು ಓದು" ಎಂದಳು. 1 ಲೀಟರ್ ಎಂಬುದರ ಪಕ್ಕದಲ್ಲಿ 910 ಗ್ರಾಮ್ ಎಂದು ಅಚ್ಚಾಗಿತ್ತು. ಶಿಲಾಲಿಪಿಗಳ ಸವೆದ ಅಕ್ಷರಗಳನ್ನು ಓದಲು ಬೆಟ್ಟ ಹತ್ತಿದವಳು ದಿನವೂ ಕತ್ತರಿಸಿ ಎಸೆಯುವ ಪ್ಯಾಕೆಟ್ಟಿನ ಮೇಲಿನ ಸಾಲನ್ನು ಒಮ್ಮೆಯೂ ಓದಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಕ್ರಮವಾಗಿ ಕಲಿಯತೊಡಗಿದೆ. ಅಳತೆ ಎಂಬುದು ವಸ್ತು ಆಕ್ರಮಿಸುವ ಜಾಗದ ಮಾತು. ತೂಕ ಎಂಬುದು ವಸ್ತುವಿನ ಮೊತ್ತದ ಮಾತು. ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಸೇತುವೆಯಾಗುವುದು ಸಾಂದ್ರತೆ. ಮಿಲಿಲೀಟರನ್ನು ಸಾಂದ್ರತೆಯಿಂದ ಗುಣಿಸಿದರೆ ಗ್ರಾಮ್ ದೊರೆಯುತ್ತದೆ. 100 ಮಿಲಿಲೀಟರ್ ತೆಂಗಿನೆಣ್ಣೆ ಸುಮಾರು 92 ಗ್ರಾಮ್ ತೂಗುತ್ತದೆ. ಎಳ್ಳೆಣ್ಣೆ, ಬಾದಾಮಿ ಎಣ್ಣೆಗಳೂ ಹೆಚ್ಚುಕಡಿಮೆ ಅಷ್ಟೇ. ಅಂಟಂಟಾದ ಹರಳೆಣ್ಣೆ 96 ಗ್ರಾಮ್. ಈಚೆಗೆ ಸೌಂದರ್ಯಸಾಧನಗಳಲ್ಲಿ ಹೆಸರು ಮಾಡಿರುವ ಹೊಹೊಬಾ ಎಣ್ಣೆ 86-87 ಗ್ರಾಮ್. ಅದು ರಾಸಾಯನಿಕವಾಗಿ ಎಣ್ಣೆಯಲ್ಲ, ದ್ರವರೂಪದ ಮೇಣ. ಎಣ್ಣೆಯಂತೆಯೇ ಕಾಣುವ ಗ್ಲಿಸರಿನ್ ನೀರಿಗಿಂತ ಭಾರವಾಗಿ 126 ಗ್ರಾಮ್ ತೂಗುತ್ತದೆ. ಎಣ್ಣೆ ನೀರಿನ ಮೇಲೆ ತೇಲುತ್ತದೆಯೆಂಬ ಲೋಕರೂಢಿಯನ್ನು ಲವಂಗದ ಎಣ್ಣೆ ಮುರಿಯುತ್ತದೆ. ಅದು ನೀರಿನಲ್ಲಿ ಮುಳುಗುತ್ತದೆ.

ಕೋಷ್ಟಕದ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಒಂದೇ ಪಾತ್ರೆಯನ್ನು ಬರಿದಾಗಿ, ನೀರು ತುಂಬಿ, ಒರೆಸಿ ಒಣಗಿಸಿ ಎಣ್ಣೆ ತುಂಬಿ, ಹೀಗೆ ಮೂರು ಸಲ ತೂಗಿದರೆ ಸಾಕು. ಎಣ್ಣೆಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಆ ಎಣ್ಣೆಯ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಅಮ್ಮನ ಕುಡ್ತೆಯಲ್ಲಿ ನೀರು 240, ತೆಂಗಿನೆಣ್ಣೆ 221 ಗ್ರಾಮ್ ತೂಗಿತು. ಭಾಗಿಸಿದರೆ 0.92. ಬಾಯಗಲದ ಪಾತ್ರೆಗಿಂತ ಕಿರಿದಾದ ಕಂಠದ ಶೀಶೆಯಲ್ಲಿ ಈ ಪರೀಕ್ಷೆ ಹೆಚ್ಚು ನಿಖರ. ಮಟ್ಟದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅಗಲವಾದ ಬಾಯಲ್ಲಿ ಅದು ದೊಡ್ಡದಾಗುತ್ತದೆ. ಇನ್ನೊಂದು ಮಾತು. ಕುಡ್ತೆಯಿಂದ ಸುರಿದ ಎಣ್ಣೆಯೆಲ್ಲ ಬಾಣಲೆಗೆ ಬೀಳುವುದಿಲ್ಲ, ಒಂದಿಷ್ಟು ಪಾತ್ರೆಯ ಗೋಡೆಗೇ ಅಂಟಿ ಉಳಿಯುತ್ತದೆ. ಆದ್ದರಿಂದ ಬಾಣಲೆಯನ್ನೇ ತಕ್ಕಡಿಯ ಮೇಲಿಟ್ಟು ಸುರಿಯುವುದು ಲೇಸು.

ಇದರ ಮೇಲೆ ಕಾವಿನ ಲೆಕ್ಕವೂ ಇದೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ ಒಂದು ಲೀಟರಿನ ತೂಕ ಸುಮಾರು 0.7 ಗ್ರಾಮಿನಷ್ಟು ಇಳಿಯುತ್ತದೆ. ಇದು ಪ್ರಯೋಗಶಾಲೆಯ ಸೂಕ್ಷ್ಮ ಮಾತ್ರವಲ್ಲ. ಕೆಲವು ಅಡುಗೆ ಎಣ್ಣೆ ತಯಾರಕರು ಪ್ಯಾಕೆಟ್ಟಿನ ಅಳತೆಯನ್ನು 60 ಡಿಗ್ರಿಯಷ್ಟು ಕಾವಿನಲ್ಲಿ ನಮೂದಿಸುತ್ತಿದ್ದುದರಿಂದ, ಕಾವಿನ ಉಲ್ಲೇಖವಿಲ್ಲದೆ ಅಳತೆಯನ್ನೂ ಜೊತೆಗೆ ತೂಕವನ್ನೂ ಅಚ್ಚುಹಾಕಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್ ತಿಂಗಳಲ್ಲಿ ಸೂಚಿಸಬೇಕಾಯಿತು. ತಲೆಗೆ ಹಚ್ಚುವ ಎಣ್ಣೆಯ ಶೀಶೆಗಳ ಮೇಲಾದರೋ ಸಾಮಾನ್ಯವಾಗಿ ಮಿಲಿಲೀಟರ್ ಮಾತ್ರವೇ ಇರುತ್ತದೆ. ತೆಂಗಿನೆಣ್ಣೆ ಹೊಟ್ಟೆಗೋ ತಲೆಗೋ ಎಂಬ ತೆರಿಗೆಯ ವಿವಾದವೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಸಣ್ಣ ಶೀಶೆಯಲ್ಲಿದ್ದ ಮಾತ್ರಕ್ಕೆ ಶುದ್ಧ ತೆಂಗಿನೆಣ್ಣೆ ತಲೆಯೆಣ್ಣೆಯಾಗದೆಂದು 2024ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಶಬ್ದಾರ್ಥದ ವಿಚಾರದಲ್ಲಿ ನ್ಯಾಯಾಧೀಶರಿಗೂ ನಮಗೂ ಅಂಥ ದೂರವಿಲ್ಲ.

ಹಾಗೆ ನೋಡಿದರೆ ಎಣ್ಣೆ ಎಂಬ ಶಬ್ದವೇ ಎಳ್ಳು ಮತ್ತು ನೆಯ್ ಎಂಬೆರಡರ ಕೂಡಿಕೆ. ತಿಲದಿಂದ ತೈಲ ಬಂದಂತೆ ಎಳ್ಳಿನಿಂದ ಎಣ್ಣೆ. ತೆಂಗಿನೆಣ್ಣೆ ಎಂದಾಗಲೆಲ್ಲ ನಾವು ತೆಂಗಿನಲ್ಲಿಯೂ ಎಳ್ಳನ್ನು ಕಾಣುತ್ತೇವೆ. ಮಾತು ಒಂದು ವಸ್ತುವಿನಿಂದ ಹುಟ್ಟಿ ಎಲ್ಲ ವಸ್ತುಗಳಿಗೂ ಹಬ್ಬುತ್ತದೆ. ಅದು ಭಾಷೆಯ ಔದಾರ್ಯ. ನೀರಿಗೆಂದು ಹುಟ್ಟಿದ ಸಮೀಕರಣವನ್ನು ಎಣ್ಣೆಗೂ ಹಬ್ಬಿಸಿದ್ದು ನನ್ನ ಉದಾಸೀನ. ಭಾಷೆಗೆ ಸಲ್ಲುವ ಸಲುಗೆ ತಕ್ಕಡಿಗೆ ಸಲ್ಲದು.

ನಮ್ಮ ಹಿಂದಿನವರು ಈ ತೊಡಕನ್ನು ಅರಿತಿದ್ದರೆಂಬುದಕ್ಕೆ ಆಧಾರಗಳಿವೆ. ಶಾರ್ಙ್ಗಧರ ಸಂಹಿತೆಯಲ್ಲಿ ಕುಡವವೆಂದರೆ ನಾಲ್ಕಂಗುಲ ಅಗಲ, ನಾಲ್ಕಂಗುಲ ಎತ್ತರದ ಪಾತ್ರೆ. ತೂಕಗಳ ಸಾಲಿನಲ್ಲಿಯೂ ಅದೇ ಕುಡವ ಬರುತ್ತದೆ. ಕುಡವದವರೆಗೆ ಒಣವಸ್ತು, ಹಸಿವಸ್ತು, ದ್ರವಗಳಿಗೆ ಒಂದೇ ಮಾನ. ಪ್ರಸ್ಥದಿಂದ ಮೇಲಕ್ಕೆ ಹಸಿವಸ್ತು ಮತ್ತು ದ್ರವಗಳನ್ನು ಇಮ್ಮಡಿಯಾಗಿ ಗ್ರಹಿಸಬೇಕು. ಇದನ್ನು ದ್ರವದ್ವೈಗುಣ್ಯವೆನ್ನುತ್ತಾರೆ. ಈ ನಿಯಮವನ್ನರಿಯದೆ ತೈಲದ ಪಾಠವೊಂದನ್ನು ಕನ್ನಡಿಸಿದವನ ಬಾಣಲೆಯಲ್ಲಿ ಎಣ್ಣೆ ಅರ್ಧವಾಗಿಬಿಡುತ್ತದೆ. ಇಂಥ ನಿಯಮಗಳ ಮೊತ್ತಕ್ಕೆ ವೈದ್ಯಶಾಸ್ತ್ರದಲ್ಲಿರುವ ಹೆಸರು ಪರಿಭಾಷೆ. ನಾವು ಪರಿಭಾಷೆ ಎಂದಾಗ ಪಾರಿಭಾಷಿಕ ಪದಗಳ ಪಟ್ಟಿಯನ್ನಷ್ಟೇ ನೆನೆಯುತ್ತೇವೆ. ಅಂಕಿಯೊಂದನ್ನು ಯಾವ ಒಪ್ಪಂದದೊಳಗೆ ಓದಬೇಕೆಂಬ ತಿಳಿವಳಿಕೆಯೂ ಪರಿಭಾಷೆಯೇ. ಎರಡನೆಯ ಚಾವುಂಡರಾಯನ ಲೋಕೋಪಕಾರದಂಥ ಕೃತಿಗಳ ಸುಗಂಧಪಾಕಗಳನ್ನಾಗಲಿ, 12ನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತವನ್ನಾಗಲಿ ಓದುವ ವಿದ್ಯಾರ್ಥಿಗಳು ಈ ಮಾತನ್ನು ಗಮನದಲ್ಲಿಡಬೇಕು.

ಒಂದೇ ಹೆಸರು ಅಳತೆಗೂ ತೂಕಕ್ಕೂ ಸಲ್ಲುವುದು ಸಂಸ್ಕೃತಕ್ಕಷ್ಟೇ ಸೀಮಿತವಲ್ಲ. ನಮ್ಮ ಸೇರು ಅಕ್ಕಿಯನ್ನು ಅಳೆಯುವ ಪಾತ್ರೆಯೂ ಹೌದು, ತಕ್ಕಡಿಯ ಕಲ್ಲೂ ಹೌದು. ಅದರಲ್ಲಿಯೂ ಇಪ್ಪತ್ತುನಾಲ್ಕು ತೊಲದ ಕಚ್ಚಾ ಸೇರು ಬೇರೆ, ಎಂಬತ್ತು ತೊಲದ ಪಕ್ಕಾ ಸೇರು ಬೇರೆ. 1956ರ ಕಾನೂನಿನ ಬಳಿಕ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಬಂದು ಸೇರಿಗೆ ವಿರಾಮ ಹೇಳಿತು. ಎಂಬತ್ತು ತೊಲದ ಸೇರೆಂದರೆ 933 ಗ್ರಾಮ್. ಒಂದು ಲೀಟರ್ ತೆಂಗಿನೆಣ್ಣೆ 920 ಗ್ರಾಮ್. ಹಳೆಯ ಸೇರಿಗೂ ಹೊಸ ಲೀಟರಿಗೂ ಎಣ್ಣೆಯ ವಿಷಯದಲ್ಲಿ ಒಂದು ತೊಲದಷ್ಟೇ ಅಂತರ! ನಮ್ಮ ಅಜ್ಜಿಯಂಥವರು ಲೀಟರನ್ನು ಕೊನೆಯವರೆಗೂ ಸೇರೆಂದೇ ಕರೆದದ್ದು ಎಣ್ಣೆಯ ಮಟ್ಟಿಗಾದರೂ ದೊಡ್ಡ ತಪ್ಪಾಗಿರಲಿಲ್ಲ.

ಇನ್ನು ಅಡಿಟಿಪ್ಪಣಿಯ ಮಾತು. ಡೊಂಬಿವಲಿಯಿಂದ ಹಿಂದಿರುಗಿದ ರಾತ್ರಿ ನನ್ನ ಮಹಾಪ್ರಬಂಧವನ್ನು ಬಹುಕಾಲದ ನಂತರ ತೆರೆದೆ. ದೇವಾಲಯದ ನಂದಾದೀಪಕ್ಕೆ ದಿನಕ್ಕಿಷ್ಟು ಸೊಲ್ಲಗೆ ಎಣ್ಣೆಯೆಂದು ದತ್ತಿ ಬಿಟ್ಟ ಶಾಸನವೊಂದನ್ನು ಅಲ್ಲಿ ಚರ್ಚಿಸಿದ್ದೇನೆ. ಸೊಲ್ಲಗೆಗೆ ಒಂದು ಅಳತೆಯನ್ನು ಊಹಿಸಿ, ಅದನ್ನು ಗ್ರಾಮಿಗೆ ಪರಿವರ್ತಿಸಿ, ದೀಪ ಎಷ್ಟು ಹೊತ್ತು ಉರಿಯುತ್ತಿತ್ತೆಂದು ಅಡಿಟಿಪ್ಪಣಿಯಲ್ಲಿ ಲೆಕ್ಕ ಹಾಕಿದ್ದೆ. ಅಲ್ಲಿಯೂ ಎಣ್ಣೆಯನ್ನು ನೀರಿನಂತೆಯೇ ತೂಗಿದ್ದೆ. ನನ್ನ ನಂದಾದೀಪ ನೂರು ಗಳಿಗೆಗಳಲ್ಲಿ ಎಂಟು ಗಳಿಗೆ ಇಲ್ಲದ ಎಣ್ಣೆಯಲ್ಲಿ ಉರಿದಿತ್ತು. ಮಾರ್ಗದರ್ಶಕರಾಗಲಿ ಪರೀಕ್ಷಕರಾಗಲಿ ಅದನ್ನು ಗುರುತಿಸಲಿಲ್ಲ. ಅವರನ್ನು ದೂರುವಂತಿಲ್ಲ, ಅಂಕಿಗಳು ಅಷ್ಟು ಗಂಭೀರವಾಗಿ ಕುಳಿತಿದ್ದವು. ಕಾಗದದ ಮೇಲಿನ ತಪ್ಪು ಮೂರು ದಶಕ ಯಾರನ್ನೂ ಸುಡದೆ ಸುಖವಾಗಿತ್ತು. ಅದೇ ತಪ್ಪು ಬಾಣಲೆಗೆ ಇಳಿದಾಗ ಒಂದೇ ವಾರದಲ್ಲಿ ಒಬ್ಬ ಶ್ರಮಜೀವಿಯ ಕೈ ಒಡೆಯಿತು.

ಮಾನವಿಕ ವಿಷಯಗಳ ಅಧ್ಯಯನದಲ್ಲಿ ತಪ್ಪಿಗೆ ತಕ್ಷಣದ ಶಿಕ್ಷೆಯಿಲ್ಲದಿರುವುದು ನಮಗೆ ದೊರೆತ ಸೌಲಭ್ಯ. ಅದೇ ನಮ್ಮ ಅಪಾಯವೂ ಹೌದೆಂದು ಈಗ ನಾನು ತಿಳಿದಿದ್ದೇನೆ. ಆಕರವನ್ನು ಓದುವವರು ಆ ಆಕರ ಮಾತನಾಡುವ ವಸ್ತುವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಸೊಲ್ಲಗೆಯ ಬಗೆಗೆ ಬರೆಯುವ ಮೊದಲು ಮನೆಯ ಕುಡ್ತೆಗೆ ಎಣ್ಣೆ ತುಂಬಿ ನೋಡಿದ್ದರೆ ನನ್ನ ಅಧ್ಯಾಯ ಒಂದು ಪುಟದಷ್ಟಾದರೂ ಪ್ರಾಮಾಣಿಕವಾಗಿರುತ್ತಿತ್ತು.

ತಂಗಿ ಅಮ್ಮನ ಪುಸ್ತಕಕ್ಕೆ ಈಗ ಹೊಸದೊಂದು ಪುಟ ಅಂಟಿಸಿದ್ದಾಳೆ. ಕುಡ್ತೆ: ನೀರು 240, ತೆಂಗಿನೆಣ್ಣೆ 221, ಹರಳೆಣ್ಣೆ 230. ಅಳತೆ ಕುಡ್ತೆಯಲ್ಲಿ, ಲೆಕ್ಕ ಗ್ರಾಮಿನಲ್ಲಿ, ಸುರಿಯುವುದು ತಕ್ಕಡಿಯ ಮೇಲೆ. ಮೊದಲ ಕಂತಿನ ಸಾಬೂನುಗಳನ್ನೆಲ್ಲ ಮಾರಾಟದಿಂದ ಹಿಂದೆಗೆದುಕೊಂಡಳು. ಹೊಸ ಲೆಕ್ಕದಂತೆ ಮಾಡಿ, ನಾಲ್ಕು ವಾರ ಒಣಗಿಸಿ, ತಾನೇ ಹದಿನೈದು ದಿನ ಬಳಸಿ ನೋಡಿದ ಮೇಲೆ ಮೊದಲ ಬಿಲ್ಲೆಯನ್ನು ಆ ಹಿರಿಯ ಹೆಂಗಸಿಗೆ ಕೊಡಲು ಇಬ್ಬರೂ ಹೋದೆವು. ಹೋದ ವಾರದ ಕೂಲಿಯ ಹಣವನ್ನು ನಾನು ಕೊಡಹೋದಾಗ ಅವರು ಮುಟ್ಟಲಿಲ್ಲ. ಸಾಬೂನನ್ನು ಮಾತ್ರ ತೆಗೆದುಕೊಂಡು, ಮೂಸಿ ನೋಡಿ, ಈ ಸಲ ಲೆಕ್ಕ ಯಾರದ್ದೆಂದು ನಗುತ್ತ ಕೇಳಿದರು. ತಂಗಿಯದೆಂದು ಹೇಳಿದೆ. ಅವರ ನಗು ಇನ್ನಷ್ಟು ಅಗಲವಾಯಿತು.

ವಿಭಾಗದ ಗ್ರಂಥಾಲಯದಲ್ಲಿರುವ ನನ್ನ ಮಹಾಪ್ರಬಂಧದ ಪ್ರತಿಯಲ್ಲಿ, ಆ ಅಡಿಟಿಪ್ಪಣಿ ಇರುವ ಪುಟಕ್ಕೆ ತಿದ್ದುಪಡಿಯ ಚೀಟಿಯೊಂದನ್ನು ಅಂಟಿಸಿದ್ದೇನೆ. ಅಳತೆಗಳ ಮೇಲೆ ಮುಂದೆ ಕೆಲಸ ಮಾಡುವ ವಿದ್ಯಾರ್ಥಿಗಳು ಅದನ್ನು ಗಮನಿಸಬೇಕೆಂದು ವಿನಂತಿ. ಕುಡ್ತೆ ನನ್ನ ಮನೆಯಲ್ಲಿದೆ. ತೂಗಿ ನೋಡಬೇಕೆನ್ನುವವರು ಎಣ್ಣೆಯೊಂದಿಗೆ ಬರಬಹುದು.